ಕರೆಂಟು ಹೋಗಿರಲಿಲ್ಲ

"ಕರೆಂಟ್ ಹೋತು, ಕಂಪ್ಯೂಟರ್ ಹೆಸರೆಲ್ಲಾ ನುಂಗಿತು" ಎಂದು ನಮ್ಮ ಮೂಡಲಗಿಯಲ್ಲಿ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತೊಂಬತ್ತರ ದಶಕದ ಕೊನೆಯ ಆ ಮಧ್ಯಾಹ್ನ, ಗೋಕಾಕದ ಕಣ್ಣಿನ ಶಿಬಿರಕ್ಕೆ ಅಕ್ಕನ ಹೆಸರು ಕೊಡಲು ಅವಳೊಡನೆ ನಾನು ಆ ಕಂಪ್ಯೂಟರಿನ ಎದುರಿಗೇ ಕುಳಿತಿದ್ದೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಕಂಪ್ಯೂಟರಿನೊಳಗಿನ ಪ್ರೋಗ್ರಾಮು ಒಂದು ಹೆಸರು ಕೇಳಿ, ಪಟ್ಟಿಗೆ ಸೇರಿಸಿಕೊಂಡು, ಮತ್ತೆ ಮುಂದಿನ ಹೆಸರು ಕೇಳುತ್ತಿತ್ತು. 'ಮುಗೀತು' ಎಂದು ಟೈಪ್ ಮಾಡಿದರೆ ಮಾತ್ರ ಕೇಳುವುದನ್ನು ನಿಲ್ಲಿಸಿ, ಪಟ್ಟಿಯನ್ನು ಫ್ಲಾಪಿಯಲ್ಲಿ ಉಳಿಸುತ್ತಿತ್ತು. ಹೆಸರುಗಳು ಉಳಿಯುವುದು ಆಗ ಮಾತ್ರ ಎಂಬುದನ್ನು ನಾನು ಬಹಳ ದಿನಗಳ ನಂತರ ಪುಸ್ತಕ ತಂದು ಓದಿ ತಿಳಿದೆ. ಟೈಪ್ ಮಾಡುತ್ತಿದ್ದ ಹೆಣ್ಣುಮಗಳಿಗೂ ಅಂದು ಅದು ಗೊತ್ತಿರಲಿಲ್ಲ. ಕೊನೆಯ ಹೆಸರಾದ ಮೇಲೆ ಆಕೆ ಕೈ ಹಿಂದೆಗೆದಳು.

"ಯಾಕವ್ವ, ನಿಂತಿ?" ಎಂದೆ.

"ಮನ್ಯಾಗ ಜ್ವಾಳ ತೀರಿದ್ರೂ 'ಹೆಚ್ಚಾತು' ಅಂತೀವ್ರಿ, ಕಾಕಾ. ಇಷ್ಟು ಹಿರ್ಯಾರ ಹೆಸರಿನ ಕೆಳಗ 'ಮುಗೀತು' ಅಂತ ಹೆಂಗ ಬರೀಲ್ರಿ?"

"ಬರೀಬ್ಯಾಡವಾ, ನಾ ಇನ್ನೂ ಗಟ್ಟಿ ಅದೀನಿ!" ಎಂದಳು ಅಕ್ಕ.

ಮೂವರೂ ನಕ್ಕೆವು. ಆ ಪದ ಬರೆಯದೆಯೇ ಆಕೆ ಕಂಪ್ಯೂಟರಿನ ಸ್ವಿಚ್ ಆರಿಸಿದಳು.

ಶಿಬಿರದ ದಿನ ಬಾಗಿಲಲ್ಲಿದ್ದವನ ಕಾಗದದಲ್ಲಿ ನಮ್ಮೂರಿನ ಒಂದು ಹೆಸರೂ ಇರಲಿಲ್ಲ. "ಹೆಸರ ಇಲ್ಲಂದ್ರ ನಾ ಏನ್ ಮಾಡ್ಲಿರಿ, ಕಾಕಾ?" ಎಂದ. ಏನೂ ಕಾಣದ ಅಕ್ಕ ನನ್ನ ತೋಳು ಹಿಡಿದು, "ನಮ್ಮ ಪಾಳಿ ಬಂತೇನೋ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಮುಂದಿನ ಶಿಬಿರದವರೆಗೆ ಅವಳು ಉಳಿಯಲಿಲ್ಲ.

ಆ ಹೆಣ್ಣುಮಗಳು ಈಗ ಬೆಲ್ಲದ ಬಾಗೇವಾಡಿಯಲ್ಲಿದ್ದಾಳೆ. ಸ್ವಿಚ್ ಆರಿಸಿದ್ದು ತನ್ನದೇ ಕೈ ಎಂದು, ಹೋಗಿ ಕೇಳಿದವರಿಗೆಲ್ಲ ಹೇಳುತ್ತಾಳೆ.