ಮಂಜಿನ ಬೊಂಬೆಯ ಹೊಟ್ಟೆಯೊಳಗಿನ ಹತ್ತಿ

ಚಿತ್ರದುರ್ಗದಲ್ಲಿ ಮಂಜು ಸುರಿಯುವುದಿಲ್ಲ, ಸುರಿಯುವುದೇನಿದ್ದರೂ ಧೂಳು. ಆದರೂ ನಾನು ಚಿತ್ರಕಲೆ ಕಲಿಸುವ ಶಾಲೆಗೆ ಪ್ರತಿ ಡಿಸೆಂಬರಿನಲ್ಲಿ ಒಂದು ಸ್ನೋಮ್ಯಾನ್ ಬೇಕೇ ಬೇಕು. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಅದು ನಿಲ್ಲದಿದ್ದರೆ ನಮ್ಮ ಕಾರ್ಯದರ್ಶಿ ಓಬಳೇಶಪ್ಪನವರಿಗೆ ಅನ್ನ ಸೇರುವುದಿಲ್ಲ. ಹೋದ ಸಲ ಥರ್ಮೋಕೋಲಿನಲ್ಲಿ ಮಾಡಿದ್ದೆ. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಬೀಸಿದ ಗಾಳಿ ಅದರ ತಲೆಯನ್ನು ಎಗರಿಸಿಕೊಂಡು ಹೋಗಿ ಮುಖ್ಯ ಅತಿಥಿಗಳ ಕಾಲ ಬುಡಕ್ಕೆ ಹಾಕಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಓಬಳೇಶಪ್ಪನವರು ನಗಲಿಲ್ಲ.

"ಈ ಸಲ ಗಟ್ಟಿ ಇರ್ಬೇಕು ಮೇಡಂ. ಗುದ್ದಿದ್ರೂ ಅಲ್ಲಾಡಬಾರ್ದು" ಎಂದು ನವೆಂಬರಿನಲ್ಲೇ ಅಪ್ಪಣೆ ಕೊಡಿಸಿದರು. ಹಾಗಾಗಿ ನಾನು ಮಹಮ್ಮದ್ ಗೌಸ್ ಸಾಬರ ಅಂಗಡಿಗೆ ಹೋದೆ. ಹೋಗಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಗೌಸ್ ಸಾಬರು ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅವರ ತಂದೆ ಹಿರೇಗುಂಟನೂರಿನವರು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಭರಮಸಾಗರ, ಹೊಳಲ್ಕೆರೆ ಸುತ್ತಿ, ಮದುವೆ ಮನೆಗಳ ಜಗುಲಿಯ ಮೇಲೆ ಕೂತು ಗಾದಿ ಮಾಡಿಕೊಟ್ಟು ಬರುತ್ತಿದ್ದರಂತೆ. ಮಗ ದುರ್ಗದಲ್ಲಿ ಒಂದು ಮಳಿಗೆ ಹಿಡಿದರು. ಸುತ್ತಲಿನವರೆಲ್ಲ ಮೊದಲು ಹಿಂಜುವ ಯಂತ್ರ ತಂದರು, ಆಮೇಲೆ ಯಂತ್ರವನ್ನೂ ಮಾರಿ ಫೋಮ್ ಹಾಸಿಗೆಯ ಏಜೆನ್ಸಿ ಹಿಡಿದರು. ಸಾಬರು ಬಿಲ್ಲು ಬಿಡಲಿಲ್ಲ. ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಹತ್ತಿ ಉಜ್ಜಿ, ಅದು ಯಾವ ಕಡೆಯದು, ಎಷ್ಟು ವರ್ಷ ಯಾರ ಮೈ ಕೆಳಗಿತ್ತು, ಮಲಗಿದವರು ದಪ್ಪಗಿದ್ದರೋ ಸಣ್ಣಗಿದ್ದರೋ ಎಂದು ಹೇಳಿಬಿಡುತ್ತಿದ್ದರು. ನಾನು ಒಮ್ಮೆ ಪರೀಕ್ಷೆ ಮಾಡಿ ಸೋತಿದ್ದೇನೆ.

ಅವರದೊಂದು ಪದ್ಧತಿ ಇತ್ತು. ಯಾರಾದರೂ ತೀರಿಹೋದವರ ಗಾದಿಯನ್ನು ಹಿಂಜಿಸಲು ತಂದರೆ ತಕ್ಷಣ ಮುಟ್ಟುತ್ತಿರಲಿಲ್ಲ. ಬಹಳ ವರ್ಷ ಒಬ್ಬರೇ ಮಲಗಿದ ಗಾದಿಯಲ್ಲಿ ಆ ಮೈಯ ಅಳತೆಗೆ ಒಂದು ತಗ್ಗು ಬಿದ್ದಿರುತ್ತದೆ. ಅದನ್ನು ತೋರಿಸಿ, "ಹಿಂಜಿದ್ ಮ್ಯಾಲೆ ಇದು ವಾಪಸ್ ಬರಲ್ಲ. ಇನ್ನೊಂದ್ ತಿಂಗ್ಳು ಮನೇಲಿ ಇಟ್ಕಂಡು ಆಮೇಲೆ ತರ್ರಿ" ಎನ್ನುತ್ತಿದ್ದರು. ಕೆಲವರು ಬೈದುಕೊಂಡು ಬೇರೆ ಕಡೆ ಹೋಗುತ್ತಿದ್ದರು. ಕೆಲವರು ಗಾದಿಯನ್ನು ತಬ್ಬಿಕೊಂಡು ಮನೆಗೆ ಹೊತ್ತುಕೊಂಡು ಹೋಗಿದ್ದನ್ನು ನಾನೇ ನೋಡಿದ್ದೇನೆ.

ಸಾಬರ ಹೆಂಡತಿ ಅಮೀನಾ ಬೀಗೆ ಲಕ್ವ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಬೆನ್ನು ಹುಣ್ಣಾಗಬಾರದೆಂದು ಸಾಬರು ಎರಡು ತಿಂಗಳಿಗೊಮ್ಮೆ ಆಕೆಯ ಗಾದಿಯನ್ನು ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹಾಕಿ, ಮತ್ತೆ ಹಿಂಜಿ ತುಂಬುತ್ತಿದ್ದರು. ಆಕೆ ಹೋದದ್ದು ರಂಜಾನಿನ ಮರುತಿಂಗಳು. ಅಲ್ಲಿಂದಾಚೆಗೆ ಆ ಗಾದಿಯನ್ನು ಬಿಚ್ಚಲಿಲ್ಲ. ಸುತ್ತಿ, ಹಗ್ಗ ಕಟ್ಟಿ, ಒಳಮನೆಯ ಮೂಲೆಗೆ ನಿಲ್ಲಿಸಿದರು. ಊರಿಗೆಲ್ಲ ಗಾದಿ ಹೊಲಿದುಕೊಟ್ಟ ಮನುಷ್ಯ ಅಂದಿನಿಂದ ಬರಿ ಚಾಪೆಯ ಮೇಲೆ, ದಿಂಬೂ ಇಲ್ಲದೆ, ತೋಳು ಮಡಚಿ ತಲೆ ಕೆಳಗಿಟ್ಟುಕೊಂಡು ಮಲಗುತ್ತಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಗೊತ್ತಾಗಬೇಕಾದ ಹೊತ್ತಿನಲ್ಲಿ ನಾನು ಬೊಂಬೆಯ ಮೂಗಿನ ಬಣ್ಣದ ಚಿಂತೆಯಲ್ಲಿದ್ದೆ.

ಫೋನಿನಲ್ಲಿ ಸ್ನೋಮ್ಯಾನಿನ ಚಿತ್ರ ತೋರಿಸಿದಾಗ ಸಾಬರು ಬಹಳ ಹೊತ್ತು ನೋಡಿದರು.

"ಇದನ್ನ ಮಂಜಲ್ಲಿ ಮಾಡ್ತಾರಾ? ಆಮೇಲೆ ಏನ್ ಮಾಡ್ತಾರೆ?"

"ಏನೂ ಇಲ್ಲ ಸಾಬ್ರೇ. ನಾಲ್ಕು ದಿನಕ್ಕೆ ಕರಗಿ ಹೋಗುತ್ತೆ."

"ಅಷ್ಟ್ ಕಷ್ಟಪಟ್ಟು ಮಾಡಿ ಕರಗಕ್ಕೆ ಬಿಡ್ತಾರಾ! ನಮ್ದು ಕರಗಲ್ಲ ಬಿಡ್ರಿ" ಎಂದು ನಕ್ಕರು. ಅಮೀನಾ ಬೀ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಗಳು ಅಸ್ಫಿಯಾ ಬಿಳಿ ಬಟ್ಟೆಯಲ್ಲಿ ಮೂರು ದುಂಡನೆಯ ಚೀಲ ಹೊಲಿದಳು. ಅಗಲವಾದ ಹಲಗೆಗೆ ಸರ್ವೆ ಗೂಟ ನೆಟ್ಟು, ಚೀಲಗಳನ್ನು ಒಂದರ ಮೇಲೊಂದು ಅದಕ್ಕೆ ಪೋಣಿಸುವುದು, ಗಾದಿಗೆ ಹಾಕಿದಂತೆ ಗೇಣಿಗೊಂದು ದಬ್ಬಣದ ಹೊಲಿಗೆ ಬಿಗಿಯುವುದು ಸಾಬರ ಯೋಜನೆ. ಹತ್ತಿ ಎಷ್ಟು ಬೇಕೆಂದು ಅಂದಾಜು ಮಾಡಿ ತರಿಸಿದವಳು ನಾನು. ಗಟ್ಟಿ ತುಂಬಿದರೆ ಹತ್ತಿ ಎಷ್ಟು ನುಂಗುತ್ತದೆ ಎಂದು ನನ್ನಂಥವಳಿಗೆ ಹೇಗೆ ತಿಳಿಯಬೇಕು? ಕಾರ್ಯಕ್ರಮದ ಹಿಂದಿನ ಮಧ್ಯಾಹ್ನ ಬುಡ ತುಂಬಿತು, ತಲೆ ತುಂಬಿತು, ಹೊಟ್ಟೆಗೆ ಹತ್ತಿ ಇಲ್ಲ. ಸಾಬರಲ್ಲಿದ್ದ ಹತ್ತಿಯೂ ಮುಗಿದಿತ್ತು, ಸುತ್ತಲಿನ ಅಂಗಡಿಗಳಲ್ಲಿ ಬರಿ ಫೋಮು.

"ಹುಲ್ಲೋ ಪೇಪರ್ರೋ ತುಂಬಿಬಿಡಿ ಸಾಬ್ರೇ, ಒಳಗೆ ಯಾರು ನೋಡ್ತಾರೆ?" ಎಂದೆ.

"ಕಸ ತುಂಬಿದ್ರೆ ನಾಳೆ ಒಂದ್ ಕಡೆ ಕುಸೀತೈತೆ. ಗಟ್ಟಿ ಬೇಕು ಅಂದಿದ್ರಲ್ಲ."

"ಹಾಗಾದ್ರೆ ಏನು ಮಾಡೋದು? ಬೆಳಿಗ್ಗೆ ಎಂಟಕ್ಕೆ ಗಾಡಿ ಬರುತ್ತೆ!" ಎಂದು ನಾನು ರೇಗಿದೆ. ಹೌದು, ರೇಗಿದೆ. ಬರೆಯಲು ನಾಚಿಕೆಯಾದರೂ ಬರೆಯುತ್ತಿದ್ದೇನೆ.

ಸಾಬರು ಅಂಗಡಿಯ ಹಿಂದಿನ ಮನೆಯೊಳಗೆ ಹೋದರು. ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಹೆಗಲ ಮೇಲೆ ಸುತ್ತಿದ ಗಾದಿ ಇತ್ತು. ಹೊಲಿಗೆ ಯಂತ್ರದ ಮುಂದಿದ್ದ ಅಸ್ಫಿಯಾ ಎದ್ದು ನಿಂತಳು.

"ಅಬ್ಬಾ, ಹಿಂಜಬ್ಯಾಡ. ಇದ್ದಂಗೇ ತುಂಬು" ಎಂದಳು ಅಪ್ಪನಿಗೆ.

"ಗಂಟು ಗಂಟು ಆಗ್ತೈತಮ್ಮ" ಎಂದರು ಸಾಬರು. ಗಾದಿ ಬಿಡಿಸಿ, ಎಡಗಡೆ ಇದ್ದ ತಗ್ಗಿನ ಮೇಲೆ ಒಮ್ಮೆ ಅಂಗೈ ಇಟ್ಟರು. ಆಮೇಲೆ ಹೊಲಿಗೆ ಬಿಚ್ಚಿ, ಬಿಲ್ಲು ತೂಗುಹಾಕಿ, ಮರದ ಕೊಡತಿಯಿಂದ ಅದರ ನರದ ಹುರಿ ಮೀಟಲು ಶುರುಮಾಡಿದರು. ಡೊಂಯ್ ಡೊಂಯ್ ಎಂದು ಸಂಜೆಯವರೆಗೂ ಹಿಂಜಿದರು. "ಇದು ಮೊದಲೇ ಇತ್ತಲ್ಲ, ಹೇಳಬಾರದಿತ್ತಾ" ಎಂದು ನಾನು ಅಂದೆ. ಅಸ್ಫಿಯಾ ಬೆನ್ನು ತಿರುಗಿಸಿ ಕೂತಳು.

ಹೊಟ್ಟೆ ತುಂಬಿ, ಹೊಲಿಗೆ ಬಿಗಿದಾಯಿತು. ಕಣ್ಣಿಗೆ ಕೋಟಿನ ದಪ್ಪ ಗುಂಡಿ, ಮೂಗಿಗೆ ಕೇಸರಿ ಬಟ್ಟೆಯ ಗಜ್ಜರಿ, ಎದೆಗೆ ಮೂರು ಕರಿ ಉಂಡೆ, ತಲೆಗೆ ನಾನು ರಟ್ಟಿನಲ್ಲಿ ಮಾಡಿದ ಟೋಪಿ. ಕೆಂಪು ಮಫ್ಲರನ್ನು ಸಾಬರೇ ಕಟ್ಟಿದರು. ಕಟ್ಟಿದ ಮೇಲೂ ಕೈ ತೆಗೆಯದೆ ನಿಂತಿದ್ದರು. ಗಂಟು ಬಿಗಿಯಿದೆಯೇ ಎಂದು ನೋಡುತ್ತಿದ್ದಾರೆ ಅಂದುಕೊಂಡೆ.

"ಮೇಡಂ, ಒಂದ್ ಮಾತು. ಕಾರ್ಯಕ್ರಮ ಮುಗಿದ್ ಮ್ಯಾಲೆ ಇದನ್ನ ನಂಗೇ ವಾಪಸ್ ಕೊಡ್ರಿ. ಹೊಟ್ಟೇಲಿರೋ ಹತ್ತೀಲಿ ನಂಗೊಂದು ದಿಂಬು ಮಾಡ್ಕಬೇಕು."

"ಅದಕ್ಕೇನು ಸಾಬ್ರೇ, ಖಂಡಿತ" ಎಂದೆ. ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ.

ಬೊಂಬೆ ಗೆದ್ದಿತು. ಗಾಳಿ ಶಾಮಿಯಾನವನ್ನೇ ಎತ್ತಿತು, ಅದು ಕದಲಲಿಲ್ಲ. ಓಬಳೇಶಪ್ಪನವರು ನಿಜವಾಗಿಯೂ ಒಂದು ಗುದ್ದು ಗುದ್ದಿ, "ಭಲೇ!" ಎಂದರು. ನಾನು ತವರಿಗೆ ಹೋಗಿ ಬರುವಷ್ಟರಲ್ಲಿ ಅದನ್ನು ಹೊಸದುರ್ಗದ ನಮ್ಮ ಇನ್ನೊಂದು ಶಾಲೆಗೆ ಕಳಿಸಿಬಿಟ್ಟಿದ್ದರು. ಸಾಬರು ಶಾಲೆಯ ಗೇಟಿಗೆ ಬಂದು ಕೇಳಿದರು. ಮುಂದಿನ ವಾರ ಅಂದೆ. ಇನ್ನೊಮ್ಮೆ ಬಂದರು. ಸಂಕ್ರಾಂತಿ ಕಳೆಯಲಿ ಅಂದೆ. ಮೂರನೆಯ ಸಲ ಬಂದದ್ದು ಅಸ್ಫಿಯಾ.

"ಅದು ನಮ್ಮ ಅಮ್ಮಿ ಗಾದಿ ಮೇಡಂ. ನಿಮಗೆ ಮಾತು ಕೊಟ್ಟೀನಿ ಅಂತ ಅಬ್ಬಾ ಅದನ್ನ ಬಿಚ್ಚಿದ್ರು" ಎಂದು ಎಲ್ಲ ಹೇಳಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮರುದಿನವೇ ಸಾಬರನ್ನು ಕರೆದುಕೊಂಡು ಹೊಸದುರ್ಗದ ಬಸ್ಸು ಹತ್ತಿದೆ. ಅಲ್ಲಿ ಬೊಂಬೆ ಇರಲಿಲ್ಲ. ಶಿಶುವಿಹಾರದ ಟೀಚರ್ ಮೌನಿಕಾ ಖುಷಿಯಿಂದಲೇ ಹೇಳಿದಳು: "ಅಷ್ಟು ಚೆನ್ನಾಗಿರೋ ಹತ್ತಿ ಹಾಳು ಮಾಡೋದ್ಯಾಕೆ ಅಂತ ಎಲ್ಲಾ ಬಿಚ್ಚಿ, ಒಟ್ಟಿಗೆ ಕಲಸಿ, ಮಕ್ಕಳಿಗೆ ದಿಂಬು ಹೊಲಿಸಿದ್ವಿ ಮೇಡಂ." ಆಕೆಯ ತಪ್ಪೇನು? ತಪ್ಪೆಲ್ಲ ನನ್ನದು.

ಮಧ್ಯಾಹ್ನದ ಊಟವಾಗಿ ಮಕ್ಕಳು ಮಲಗಿದ್ದರು. ಹನ್ನೆರಡು ಬಿಳಿ ದಿಂಬು. ಯಾವ ಮಗುವಿನ ತಲೆಯೂ ಇಲ್ಲದ ಐದನ್ನು ಮೌನಿಕಾ ತಂದುಕೊಟ್ಟಳು. ಸಾಬರು ನೆಲದ ಮೇಲೆ ಕೂತು, ಒಂದರ ಅಂಚಿನ ಹೊಲಿಗೆ ಬಿಚ್ಚಿ, ಚಿಟಿಕೆ ಹತ್ತಿ ತೆಗೆದು, ಕಣ್ಣು ಮುಚ್ಚಿ ಉಜ್ಜಿದರು. ಇನ್ನೊಂದು ಬಿಚ್ಚಿದರು. ಮತ್ತೊಂದು. ಐದನೆಯದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಅವರು ಕಣ್ಣು ಬಿಟ್ಟರು.

"ಗುರುತು ಸಿಗ್ತಿಲ್ಲ ಮೇಡಂ. ನಾನೇ ಹಿಂಜಿದ್ದಲ್ವಾ, ಚೆನ್ನಾಗಿ ಹಿಂಜಿಬಿಟ್ಟೀನಿ. ಹೊಸದಕ್ಕೂ ಅವಳದ್ದಕ್ಕೂ ಏನೂ ಫರಕಿಲ್ಲ."

"ಅಷ್ಟೂ ತಗೊಂಡು ಹೋಗಿ ಅಜ್ಜಾ, ಮಕ್ಕಳಿಗೆ ಬೇರೆ ತರಿಸ್ತೀವಿ" ಎಂದಳು ಮೌನಿಕಾ. ಆಕೆಗೆ ಅಷ್ಟರಲ್ಲಿ ವಿಷಯ ಅರ್ಥವಾಗಿತ್ತು.

"ಬ್ಯಾಡಮ್ಮ. ಅವಳದ್ದೋ ಅಲ್ವೋ ಗೊತ್ತಿಲ್ದೆ ಹೆಂಗ್ ತಲೆ ಇಡ್ಲಿ?" ಎಂದು ಸಾಬರು ಜೇಬಿನಿಂದ ಸೂಜಿ ದಾರ ತೆಗೆದು, ಬಿಚ್ಚಿದ ಐದೂ ಅಂಚುಗಳನ್ನು ಮತ್ತೆ ಹೊಲಿದರು. ಗಡಿಬಿಡಿ ಮಾಡಲಿಲ್ಲ, ಒಂದು ಹೊಲಿಗೆಯೂ ಓರೆಯಾಗಲಿಲ್ಲ.

ವಾಪಸು ಬರುವಾಗ ಬಸ್ಸು ಗುಂಡಿಗೊಮ್ಮೆ ಎತ್ತಿಹಾಕುತ್ತಿತ್ತು, ಸಾಬರ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ನಾನು ನನ್ನ ಶಾಲನ್ನು ಮಡಚಿ, ತಲೆಗೆ ಇಟ್ಟುಕೊಳ್ಳಿ ಎಂದು ಕೊಟ್ಟೆ.

"ಬ್ಯಾಡ್ರಿ ಮೇಡಂ, ನಂಗೆ ಹಿಂಗೇ ರೂಢಿ ಆಗೈತೆ" ಎಂದು ತೋಳು ಮಡಚಿ, ಅದರ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದರು.