ಒಂದೇ ದರದ ಸ್ವೆಟರು

ಹೈದರಾಬಾದಿನ ಚಳಿಯನ್ನು ಚಳಿ ಎಂದರೆ ಕೇಳಿದವರು ನಕ್ಕಾರು. ಆದರೂ ನಸುಕಿನ ಪಾಳಿಗೆ ಸೈಕಲ್ಲು ತುಳಿಯುವ ನಮ್ಮ ಯಜಮಾನರ ಸ್ವೆಟರಿನ ಮೊಣಕೈ ಹರಿದದ್ದರಿಂದ, ಲಿಂಗಂಪಲ್ಲಿಯ ಮನೆಯಿಂದ ನಾರಾಯಣಗೂಡದ ಫುಟ್‌ಪಾತಿನವರೆಗೆ, ಟಿಬೆಟ್ಟಿನ ನಿರಾಶ್ರಿತರು ಸಾಲಾಗಿ ಹೂಡುವ ಅಂಗಡಿಗಳಿಗೆ ಹೋದೆ. ತೆಲುಗಿನಲ್ಲಿ ಚೌಕಾಸಿ ಮಾಡಿ ಸೋತು, "ಭಾಳ ತುಟ್ಟಿ" ಎಂದು ನನ್ನಷ್ಟಕ್ಕೆ ಗೊಣಗಿದೆ ನೋಡಿ, ಅಂಗಡಿಯಾಕೆ ಥಟ್ಟನೆ ಅಂದಳು: "ತುಟ್ಟಿ ಇಲ್ರೀ ಅಕ್ಕಾರ, ಉಣ್ಣಿ ಚಲೋ ಐತಿ."

ಅಯ್ಯೋ ಶಿವನೇ! ಆಕೆಯ ಹೆಸರು ಡೋಲ್ಮಾ, ನಮ್ಮ ಮುಂಡಗೋಡದ ಟಿಬೆಟ್ ಕ್ಯಾಂಪಿನಲ್ಲೇ ಹುಟ್ಟಿದವಳು. ಕ್ಯಾಂಪಿನ ಹೊಲದ ಗೋವಿನಜೋಳ ಹೊಟ್ಟೆಗಾದರೆ, ಮಗಳ ನರ್ಸಿಂಗ್ ಫೀಸು ಈ ಎರಡು ತಿಂಗಳ ವ್ಯಾಪಾರದಿಂದಲೇ ಹುಟ್ಟಬೇಕು. ಗದಗಿನವಳಾದ ನಾನು ದಿನವಿಡೀ ತೆಲುಗು ಹಿಂದಿಗಳಲ್ಲಿ ತಡವರಿಸುವ ಊರಿನಲ್ಲಿ, ಈಕೆಯ ಬಾಯಿಂದ ನನ್ನ ತವರಿನ ಮಾತು! ನಮ್ಮಿಬ್ಬರಲ್ಲಿ ಪರದೇಶಿ ಯಾರು ಎಂದು ಗಲಿಬಿಲಿಗೊಂಡೆ. ಗಲಿಬಿಲಿಯಲ್ಲೂ ಹೆಣ್ಣಿನ ಲೆಕ್ಕ ತಪ್ಪುವುದುಂಟೇ?

"ನಮ್ಮ ಕಡೆಯವರಿಗೂ ಅದs ದರಾ ಏನವಾ?" ಎಂದೆ.

ಅವಳು ಆಚೀಚೆ ನೋಡಿ ಐವತ್ತು ರೂಪಾಯಿ ಇಳಿಸಿದಳು. ನಾನು ಹಿಗ್ಗಿ ಹೀರೇಕಾಯಿಯಾಗಿ, ಆ ದರವನ್ನು ನಮ್ಮ ಕಾಲೊನಿಗೆಲ್ಲ ಸಾರಿದೆ.

ವಾರದ ಮೇಲೆ ನಾದಿನಿಗೊಂದು ಕೊಳ್ಳಲು ಹೋದರೆ, ಅವಳ ಅಂಗಡಿಗೆ ತಾಡಪತ್ರಿ ಮುಚ್ಚಿತ್ತು. ಅವಳು ಹಿಂದೆ ಕುಳಿತು ಗುಂಡಿ ಹೊಲಿಯುತ್ತಿದ್ದಳು. ನಮ್ಮ ಕಾಲೊನಿಯ ಹೆಂಗಸರು ಬಂದು ಪಕ್ಕದಂಗಡಿಯಲ್ಲಿ ನನ್ನ ದರ ಕೇಳಿ ಜಗಳ ತೆಗೆದಿದ್ದರಂತೆ. ಇಡೀ ಸಾಲು ಒಟ್ಟಿಗೆ ಸಾಲ ಮಾಡಿ ಮಾಲು ತರುತ್ತದೆ, ಒಂದೇ ದರಕ್ಕೆ ಮಾರುತ್ತದೆ; ದರ ಮುರಿದವರ ಅಂಗಡಿ ಮೂರು ದಿನ ಬಂದ್. ಒಬ್ಬರ ಅಗ್ಗ ಇನ್ನೊಬ್ಬರ ಉಪವಾಸವಾಗಬಾರದೆಂದು ಅವರೇ ಕಟ್ಟಿಕೊಂಡ ಕಟ್ಟಳೆ. ನಿರಾಶ್ರಿತರೆಂದರೆ ಕೈಚಾಚುವವರೆಂದು ತಿಳಿದ ನನ್ನ ತಲೆಗೆ ಇದು ಮೊದಲು ಹತ್ತಲೇ ಇಲ್ಲ; ನೋಡಿದರೆ, ಕೈಚಾಚಿದವಳು ನಾನೇ ಅಲ್ಲವೇ?

ನಾಚಿಕೆಯಿಂದ ಐವತ್ತರ ನೋಟು ಹಿಡಿದೆ. "ಬ್ಯಾಡ್ರೀ ಅಕ್ಕಾರ. ಸಾಲಿನವರು ರೊಕ್ಕ ಕೇಳಿಲ್ಲ, ಮೂರು ದಿನಾ ಕೇಳ್ಯಾರ," ಎಂದಳು. ದಿನವನ್ನು ನಾನೆಲ್ಲಿಂದ ತಂದು ಕೊಡಲಿ?

ತಾಡಪತ್ರಿ ತೆಗೆದ ದಿನ ಮತ್ತೆ ಹೋದೆ. ಸಾಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಡೋಲ್ಮಾ ನಕ್ಕಳು, ಸ್ಟೂಲು ಕೊಟ್ಟಳು, ಆಮೇಲೆ ಮೆಲ್ಲಗೆ ಅಂದಳು: "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇನ್ನ ಮ್ಯಾಲೆ ನನ್ನ ಕೂಡ ತೆಲುಗಿನಾಗs ಮಾತಾಡ್ರಿ. ನಮ್ಮ ಮಾತು ಕೇಳಿದ್ರ ನನ್ನ ಮನಸ್ಸು ತಡೀಯಂಗಿಲ್ಲ."

ನಾನು ಸ್ವೆಟರೊಂದನ್ನು ಎತ್ತಿಕೊಂಡು, ಅವಳ ಮುಖ ನೋಡಲಾರದೆ, ತೆಲುಗಿನಲ್ಲಿ ಬೆಲೆ ಕೇಳಿದೆ.