ಲಿಕ್ ಸಗಿಮನ್ ತೋರಿಸಿದ ದಾರಿ

ಈಗಿನ ವಿಡಿಯೊ ಆಟಗಳಲ್ಲಿ ವೀರನ ತಲೆಯ ಮೇಲೆ ಬಾಣ ಕುಣಿಯುತ್ತದೆ. ಇತ್ತ ಹೋಗು, ಇವಳ ಹತ್ತಿರ ಮಾತಾಡು, ಆ ಪೆಟ್ಟಿಗೆ ತೆರೆ ಅಂತ ಹಳದಿ ಚುಕ್ಕೆಯೊಂದು ಮಿಣಮಿಣ ಅನ್ನುತ್ತಲೇ ಇರುತ್ತದೆ. ಮಕ್ಕಳು ಆ ಚುಕ್ಕೆಯ ಹಿಂದೆ ಬಿದ್ದು ಓಡುತ್ತಾರೆ. ದಾರಿಯಲ್ಲಿ ಸಿಕ್ಕ ಮುದುಕಿ ಏನಂದಳು ಎಂದು ಕೇಳಿ ನೋಡಿ, "ಯಾವ ಮುದುಕಿ?" ಅನ್ನುತ್ತಾರೆ. ಅಯ್ಯೋ, ನಿಮ್ಮ ಆಟಕ್ಕಿಷ್ಟು ಬೆಂಕಿ ಹಾಕ! ಜಾವಾದ ಸಾಲಾತಿಗಾದಲ್ಲಿ, ಮಾರುಕಟ್ಟೆ ಹಿಂದಿನ ಓಣಿಯಲ್ಲಿ, ಆಗ ಬಾಣವೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ಲಿಕ್ ಸಗಿಮನ್ ಇದ್ದ.

ಲಿಕ್ ಅಂದರೆ ಚಿಕ್ಕಪ್ಪ. ಓಣಿಯ ಮಕ್ಕಳಿಗೆಲ್ಲ ಅವನು ಲಿಕ್ಕೇ. ಅವನಿಗೂ ಹೆಂಡತಿ ತುಮಿನಾಗೂ ಸ್ವಂತದ್ದೊಂದು ಮಗು ಇರಲಿಲ್ಲ. ತನ್ನ ಪಂಕ್ಚರ್ ಅಂಗಡಿ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ದಪ್ಪ ಟಿವಿ, ಒಂದು ಪ್ಲೇಸ್ಟೇಷನ್ ಇಟ್ಟು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟ. ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಚಾಪೆ, ಹಿಂದಿನಿಂದ ತುಮಿನಾ ಕರಿಯುವ ತೆಂಪೆಯ, ಅಂದರೆ ಹುದುಗಿಸಿದ ಸೋಯಾ ಬಿಲ್ಲೆಗಳ, ವಾಸನೆ. ಒಬ್ಬರು ಆಡಿದರೆ ಎಂಟು ಜನ ನೋಡುತ್ತಿದ್ದರು.

ಮಕ್ಕಳಿಗೆ ಇಷ್ಟವಾದದ್ದು ಕತ್ತಿ ಹಿಡಿದ ಹುಡುಗನೊಬ್ಬ ಊರೂರು ಅಲೆಯುವ ಆಟ. ಅದು ಜಪಾನಿ ಭಾಷೆಯದು. ಓಣಿಯಲ್ಲಿ ಯಾರಿಗೂ ಅದರ ಒಂದಕ್ಷರ ಬರುತ್ತಿರಲಿಲ್ಲ, ಸಗಿಮನ್‌ಗಂತೂ ಕೇಳಲೇಬೇಡಿ. ಆದರೆ ತಿಂಗಳುಗಟ್ಟಲೆ ಹಿಂದೆ ಕೂತು ನೋಡಿ ನೋಡಿ, ಯಾರಾದ ಮೇಲೆ ಯಾರನ್ನು ಮಾತಾಡಿಸಬೇಕು, ಯಾವ ಬಾಗಿಲಾದ ಮೇಲೆ ಯಾವ ಬಾಗಿಲು ಅನ್ನುವುದು ಅವನಿಗೆ ಬಾಯಿಪಾಠವಾಗಿತ್ತು. ಕಥೆಯನ್ನು ಮಾತ್ರ ತಾನೇ ಕಟ್ಟುತ್ತಿದ್ದ.

"ಈ ಅಜ್ಜಿ ಏನಂತಾಳೆ ಲಿಕ್?"

"ಮೊಮ್ಮಗ ನೀರಿಗೆ ಅಂತ ಹೋದವನು ಇನ್ನೂ ಬಂದಿಲ್ವಂತೆ. ಒಲೆ ಮೇಲೆ ಅನ್ನ ಆರ್ತಾ ಇದೆ. ಮೂಡಲ ಕಡೆ ಬಾವಿ ಇದೆ, ಹೋಗಿ ನೋಡ್ಕೊಂಡು ಬಾ ಪುಟ್ಟಿ, ಪಾಪ."

ಮಗು ಕಣ್ಣಲ್ಲಿ ನೀರು ತುಂಬಿಕೊಂಡು ಬಾವಿಗೆ ಓಡುತ್ತಿತ್ತು. ಇನ್ನು ಆಟದ ಕೊನೆ. ಹುಡುಗನೂ ಒಬ್ಬ ಮುದುಕನೂ ಹೊಳೆಯ ದಡದಲ್ಲಿ ನಿಂತು ಏನೋ ಮಾತಾಡುತ್ತಾರೆ, ಹುಡುಗ ದೋಣಿ ಹತ್ತುತ್ತಾನೆ. ಆ ಮಾತು ಏನೆಂದು ಅಲ್ಲಿಗೆ ತಲುಪಿದವರಿಗೆ ಮಾತ್ರ ಹೇಳುವುದು ಸಗಿಮನ್‌ನ ಪದ್ಧತಿ. ಉಳಿದವರು ಜಗಲಿಗೆ ಹೋಗಬೇಕು. ಬಗ್ಯೋ ಅನ್ನುವ ತುಂಟನಿಗೆ ಆ ಹುಡುಗ ರಾಜನಾಗುತ್ತಾನೆ ಎಂದಿದ್ದ. ತಾಯಿಯಿಲ್ಲದ ಇನ್ನೊಬ್ಬನಿಗೆ, ಆಚೆ ದಡದಲ್ಲಿ ಅವನಮ್ಮ ಕಾಯುತ್ತಿದ್ದಾಳೆ ಎಂದಿದ್ದ.

ಪಲುಪಿ ಇನ್ನೂ ಆ ಕೊನೆ ಕೇಳಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ಬಂದು ಕೂರುತ್ತಿದ್ದ ಹುಡುಗಿ, ತುಮಿನಾಳ ಬಾಣಲೆಯಿಂದ ಕೇಳದೆ ತೆಂಪೆ ಎತ್ತಿಕೊಳ್ಳುವಷ್ಟು ಸಲಿಗೆ. ಅವಳಪ್ಪನಿಗೆ ಕಡಲಾಚೆಯ ಕಾಲಿಮಂತಾನ್‌ನ ತೋಟದಲ್ಲಿ ಕೆಲಸ ಸಿಕ್ಕಿತು. ಶನಿವಾರ ಬೆಳಗ್ಗೆ ಬಂದರಿಗೆ ಲಾರಿ. ಅಲ್ಲಿ ಹಗಲು ಕರೆಂಟೇ ಇಲ್ಲವಂತೆ, ಇನ್ನು ಆಟವೆಲ್ಲಿ?

"ಶುಕ್ರವಾರದೊಳಗೆ ಮುಗಿಸ್ತೀನಿ ಲಿಕ್. ನನ್ನ ಕೊನೆ ಹೇಳ್ಬೇಕು ನೀವು."

"ಹೇಳದೆ ಏನು? ನಿನಗೆ ಅಂತ ಚೆನ್ನಾಗಿರೋದು ಎತ್ತಿಟ್ಟಿದೀನಿ," ಎಂದ ಸಗಿಮನ್. ಏನನ್ನೂ ಎತ್ತಿಟ್ಟಿರಲಿಲ್ಲ. ಆ ಹುಡುಗಿ ಹೋಗುತ್ತಾಳೆ ಅನ್ನುವುದನ್ನೇ ಅವನು ನೆನೆಯಲು ಹೋಗಿರಲಿಲ್ಲ.

ಅದೇ ವಾರ ಮಳೆ ಹಿಡಿಯಿತು. ಶುಕ್ರವಾರ ಬೆಳಗ್ಗೆ ತೆಂಕಲ ಗೋಡೆ ಸೋರತೊಡಗಿ, ಟಿವಿಯನ್ನು ಮೂಡಲ ಗೋಡೆಗೆ ಸರಿಸಿದರು. ಮಧ್ಯಾಹ್ನ ಪಲುಪಿ ಕೊನೆಯ ಗುಹೆ ಹೊಕ್ಕಳು. ಕವಲು ಕವಲಾದ ಗುಹೆ ಅದು. ದಾರಿ ತಪ್ಪಿದರೆ ಬಾಗಿಲು ಮುಚ್ಚಿಕೊಂಡು ಮೊದಲಿಂದ ಶುರು.

"ತೆಂಕಲಿಗೆ ಹೋಗು," ಎಂದ ಸಗಿಮನ್. ಹೋದಳು. ಬಾಗಿಲು ಮುಚ್ಚಿತು.

"ತೆಂಕಲಿಗೆ ಅಂದೆ ಪುಟ್ಟಿ!"

"ತೆಂಕಲಿಗೇ ಹೋದೆ ಲಿಕ್!"

ಮತ್ತೆ ಹೋದಳು, ಮತ್ತೆ ಮುಚ್ಚಿತು. "ವಯಸ್ಸಾಯ್ತು, ಲಿಕ್‌ಗೆ ಅರಳುಮರಳು," ಎಂದು ಬಗ್ಯೋ ಕಿಸಕ್ಕನೆ ನಕ್ಕ. ಒಳಗಿನಿಂದ ತುಮಿನಾ, "ಬಾಂಗು ಕೂಗೋ ಹೊತ್ತಿಗೆ ಟಿವಿ ಆರಿಸ್ಬೇಕು, ನೆನಪಿರ್ಲಿ!" ಎಂದು ಕೂಗಿದಳು. ಸಂಜೆಯ ಬಾಂಗಿನ ಆಚೆಗೆ ಒಂದು ಗಳಿಗೆಯೂ ಆ ಮನೆಯಲ್ಲಿ ಆಟ ನಡೆದದ್ದಿಲ್ಲ. ಸಗಿಮನ್ ಬೆವರಿದ.

ಅಲ್ಲಿಯ ಜನ ಎಡ ಬಲ ಅನ್ನುವುದಿಲ್ಲ. ಉಪ್ಪಿನ ಡಬ್ಬಿಯನ್ನೂ "ಸ್ವಲ್ಪ ಬಡಗಲಿಗೆ ಸರಿಸು" ಅನ್ನುತ್ತಾರೆ. ಇಷ್ಟು ವರ್ಷ ಟಿವಿ ತೆಂಕಲ ಗೋಡೆಗಿತ್ತು, ತೆಂಕಲಿಗೆ ಹೋಗು ಅಂದರೆ ಪರದೆಯೊಳಗೆ ನೇರ ನಡೆ ಎಂದಾಗುತ್ತಿತ್ತು. ಈಗ ಮೂಡಲಿಗೆ ಮುಖ ಮಾಡಿ ಕೂತ ಪಲುಪಿ, ತೆಂಕಲು ಅಂದಾಗಲೆಲ್ಲ ಬಲಕ್ಕೆ ತಿರುಗುತ್ತಿದ್ದಳು. ನಿಜವಾದ ತೆಂಕಲಿಗೇ! ಸಗಿಮನ್‌ಗೆ ಇದು ಹೊಳೆದದ್ದು ಗೋಡೆಯ ಮೇಲೆ ನೀರಿಳಿಯುವುದು ಕಂಡಾಗ. ಹಣೆ ಹಣೆ ಬಡಿದುಕೊಂಡ.

"ಎತ್ರೋ ಟಿವಿನ! ತೆಂಕಲ ಗೋಡೆಗೆ!"

"ಅಲ್ಲಿ ಸೋರುತ್ತೆ ಲಿಕ್. ನೇರ ಹೋಗು, ಎಡಕ್ಕೆ ಹೋಗು ಅಂತ ಹೇಳಿದ್ರೆ ಆಗಲ್ವಾ?" ಎಂದ ಬಗ್ಯೋ.

"ನನ್ನ ತಲೇಲಿ ಹಾಗೆ ಕೂತಿಲ್ಲ ಕಣೋ, ಎತ್ತು!"

ಎತ್ತಿದರು. ಇಬ್ಬರು ಟಿವಿಯ ಮೇಲೆ ಟಾರ್ಪಾಲು ಹಿಡಿದರು, ಬಗ್ಯೋ ಕೊಡೆ ಹಿಡಿದ, ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಸಗಿಮನ್ ಕಣ್ಣು ಮುಚ್ಚಿಕೊಂಡ. "ತೆಂಕಲಿಗೆ. ಮೂಡಲಿಗೆ. ಮತ್ತೆ ಮೂಡಲಿಗೆ. ಈಗ ಪಡುವಲಿಗೆ, ಬೇಗ." ಒಂದು ಬಾಗಿಲೂ ಮುಚ್ಚಲಿಲ್ಲ. ಗುಹೆಯ ರಾಕ್ಷಸ ಬಿದ್ದಾಗ ಮಕ್ಕಳು ಕಿರುಚಿದ್ದು ಮಾರುಕಟ್ಟೆಗೇ ಕೇಳಿಸಿರಬೇಕು. ಆಮೇಲೆ ಟಾರ್ಪಾಲನ್ನು ಮೊಳೆಗೆ ಸಿಕ್ಕಿಸಿ, ಯಾರೂ ಹೇಳದೆಯೇ ಎಲ್ಲರೂ ಜಗಲಿಗೆ ಹೋದರು.

ಪರದೆಯ ಮೇಲೆ ಹೊಳೆ ಬಂತು, ಹುಡುಗ ಬಂದ, ಮುದುಕ ಬಂದ. ಅಕ್ಷರಗಳು ಮೂಡಿ ಮೂಡಿ ಅಳಿಸಿಹೋದವು.

"ಏನಂತಾನೆ ಲಿಕ್?"

ಸಗಿಮನ್ ಬಾಯಿ ತೆರೆದ. ರಾಜ, ಅರಮನೆ, ಆಚೆ ದಡ, ಎಲ್ಲ ನಾಲಿಗೆಯ ತುದಿಗೆ ಬಂದವು. ಅಲ್ಲಿಂದ ಮುಂದೆ ಬರಲಿಲ್ಲ. ಹೊರಗೆ ಬಾಂಗು ಕೂಗಿತು. ತುಮಿನಾ ಬೈಯಲೆಂದು ಬಾಗಿಲಿಗೆ ಬಂದವಳು ಗಂಡನ ಮುಖ ನೋಡಿ ಹಾಗೇ ಹಿಂದೆ ಸರಿದಳು.

ಪಲುಪಿ ಮೆಲ್ಲಗೆ, "ನಾನೇ ಹೇಳ್ಲಾ?" ಎಂದಳು.

ಅವನು ಹೂಂ ಅಂತ ತಲೆಯಾಡಿಸಿದ.

"ಹುಡುಗ ಹೇಳ್ತಾನೆ, ನಾನು ಹೋಗಲ್ಲ ಅಂತ ಎಷ್ಟು ಅತ್ತೆ, ಯಾರೂ ಕೇಳಲಿಲ್ಲ ಅಂತ."

"ಮುದುಕ?"

"ಮುದುಕ ಏನೂ ಹೇಳಲ್ಲ. ಹೇಳೋಕೆ ಹೋದ್ರೆ ಅಳು ಬರುತ್ತೆ ಅವನಿಗೆ. ಅದಕ್ಕೇ ಸುಮ್ಮನೆ ನಿಂತಿದಾನೆ."

ದೋಣಿ ಹೊರಟಿತು. ಸಗಿಮನ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಆಮೇಲೆ ಪುಟ್ಟಿ?"

"ಆಮೇಲೆ ನಂಗೂ ಗೊತ್ತಿಲ್ಲ ಲಿಕ್," ಎಂದಳು ಪಲುಪಿ, ಅವನ ತೋಳಿಗೆ ಒರಗಿ. ಪರದೆ ಕಪ್ಪಾದ ಮೇಲೂ ಇಬ್ಬರೂ ಏಳಲಿಲ್ಲ.

ಮುಂದಿನ ವಾರ ಬಗ್ಯೋ ಇನ್ನೊಮ್ಮೆ ಆಟ ಮುಗಿಸಿದ. ಸಗಿಮನ್ ಅವನಿಗೂ ಪಲುಪಿ ಹೇಳಿದ ಕೊನೆಯನ್ನೇ ಹೇಳಿದ.

"ಇದೇನು ಲಿಕ್, ಇಷ್ಟೇನಾ? ಹೋದ ಸಲ ರಾಜ ಆಗಿದ್ದ!"

"ಅದೆಲ್ಲ ನಾನು ಕಟ್ಟಿದ್ದು ಕಣೋ," ಎಂದ ಸಗಿಮನ್. "ನಡೆದಿದ್ದು ಇದು."